ಬಾವಲಿಯ ವಿಷಯದಲ್ಲಿ ನಂಬಿಕೆ ಎಷ್ಟು, ನಿಜವೆಷ್ಟು?

ಹೇಮಾವತಿ ನದಿಯ ಉಗಮಸ್ಥಾನವೆಂದು ಹೆಸರಾದ ಜಾವಳಿಯು ಮೂಡಿಗೆರೆಯ ಸೀಮೆಯಲ್ಲಿ, ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿ, ಕಾಫಿ ತೋಟಗಳ ನಡುವೆ ಅಡಗಿರುವ ಒಂದು ಸಣ್ಣ ಊರು. ಅಲ್ಲಿ ಹೊತ್ತು ಮುಳುಗಿ ಹಕ್ಕಿಗಳ ಕಲರವ ಅಡಗಿತೆಂದರೆ ಆಕಾಶಕ್ಕೆ ಬೇರೆಯೇ ಒಂದು ಜನ ಬರುವುದು. ಮೊದಲು ಮನೆಯ ಅಟ್ಟದಿಂದಲೂ ಹೆಂಚಿನ ಸಂದಿನಿಂದಲೂ ಹೆಬ್ಬೆರಳಿನಷ್ಟು ಸಣ್ಣ ಬಾವಲಿಗಳು ಹೊರಬಿದ್ದು ಅಂಗಳದ ಮೇಲೆ ಸುತ್ತುಹಾಕುತ್ತವೆ. ಕತ್ತಲೆ ಇನ್ನಷ್ಟು ಕವಿದ ಮೇಲೆ, ಮರದ ನೆತ್ತಿಯ ಎತ್ತರದಲ್ಲಿ, ಮೊರದಗಲದ ರೆಕ್ಕೆಗಳನ್ನು ಮೆಲ್ಲಮೆಲ್ಲನೆ ಬಡಿಯುತ್ತ ತೊಗಲಬಾವಲಿಗಳು ಹಣ್ಣಿನ ಮರಗಳನ್ನು ಅರಸಿ ಹೊರಡುತ್ತವೆ.

ನಮ್ಮ ದೊಡ್ಡಪ್ಪನವರ ತೋಟದ ಗಡಿಯಲ್ಲಿ ಒಂದು ಹಳೆಯ ಗೋಣಿಮರವಿದೆ. ಅದರ ಕೊಂಬೆಗಳಲ್ಲಿ ಹಗಲೆಲ್ಲ ನೂರಾರು ತೊಗಲಬಾವಲಿಗಳು ಒಣಗಿದ ಬಾಳೆಲೆಗಳಂತೆ ತೂಗುತ್ತಿರುತ್ತವೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನಿಂದ ನಿಪಾ ಜ್ವರದ ಸುದ್ದಿ ಬಂದಾಗ ಊರಿನಲ್ಲಿ ಭೀತಿ ಹಬ್ಬಿತು. ಮರವನ್ನು ಕಡಿಸಿಬಿಡಬೇಕೆಂದು ಕೆಲವರು, ಪಟಾಕಿ ಹಚ್ಚಿ ಓಡಿಸಬೇಕೆಂದು ಕೆಲವರು, ದೊಡ್ಡಪ್ಪನವರ ಜಗಲಿಗೆ ಬಂದು ಕುಳಿತರು. ರಜೆಗೆಂದು ಊರಿಗೆ ಹೋಗಿದ್ದ ನನ್ನ ಕಡೆಗೆ ತಿರುಗಿ ದೊಡ್ಡಪ್ಪ, "ನೀನು ಕಾಲೇಜಿನಲ್ಲಿ ಪಾಠ ಹೇಳುವವನಲ್ಲವೇನಪ್ಪ? ಏನು ಮಾಡಬೇಕು, ನೀನೇ ಹೇಳು" ಎಂದರು. ಧ್ವನಿಯ ಪಾಠದಲ್ಲಿ ಬಾವಲಿಯನ್ನು ಕುರಿತು ವರ್ಷಕ್ಕೊಮ್ಮೆ ಎರಡು ವಾಕ್ಯ ಹೇಳುವುದರ ಹೊರತು ನನಗೆ ಆ ಪ್ರಾಣಿಯ ವಿಷಯ ಏನೂ ತಿಳಿದಿರಲಿಲ್ಲ. "ಎರಡು ದಿನ ಅವಕಾಶ ಕೊಡಿ ದೊಡ್ಡಪ್ಪ, ಓದಿ ಹೇಳುತ್ತೇನೆ" ಎಂದೆ.

ಅಂದು ಜಗಲಿಯಲ್ಲಿ ಕೇಳಿಬಂದ ಪ್ರಶ್ನೆಗಳನ್ನೇ ತರುವಾಯ ನನ್ನ ವಿದ್ಯಾರ್ಥಿಗಳೂ ಕೇಳಿದ್ದಾರೆ. ಅವುಗಳನ್ನು ಒಂದೊಂದಾಗಿ ಎತ್ತಿಕೊಂಡು ವಿಚಾರಮಾಡೋಣ.

ಹಕ್ಕಿಯೇ, ಮೃಗವೇ?

ಬಾವಲಿ ಹಾರುತ್ತದೆ; ಆದರೂ ಅದು ಹಕ್ಕಿಯಲ್ಲ. ಹಕ್ಕಿಗೆ ಗರಿಯಿದೆ, ಕೊಕ್ಕಿದೆ, ಅದು ಮೊಟ್ಟೆಯಿಡುತ್ತದೆ. ಬಾವಲಿಗೆ ಮೈತುಂಬ ರೋಮವಿದೆ, ಬಾಯಲ್ಲಿ ಹಲ್ಲುಗಳಿವೆ, ನೆಟ್ಟಗೆ ನಿಂತ ಕಿವಿಗಳಿವೆ. ಅದು ಮರಿ ಹಾಕಿ ಹಾಲೂಡಿಸುತ್ತದೆ. ಆದುದರಿಂದ ಅದು ಹಸು, ಬೆಕ್ಕು, ಮನುಷ್ಯರಂತೆ ಸಸ್ತನಿ. ಸಸ್ತನಿಗಳಲ್ಲಿ ರೆಕ್ಕೆ ಬಡಿದು ನಿಜವಾಗಿ ಹಾರಬಲ್ಲದ್ದು ಇದೊಂದೇ ವರ್ಗ. ನಮ್ಮ ಕಾಡಿನ ಹಾರುವ ಅಳಿಲು ಎತ್ತರದ ಮರದಿಂದ ತಗ್ಗಿನ ಮರಕ್ಕೆ ತೇಲಿಕೊಂಡು ಇಳಿಯುತ್ತದೆಯೇ ಹೊರತು ಹಾರುವುದಿಲ್ಲ.

ಬಾವಲಿಯ ರೆಕ್ಕೆ ಎಂಬುದು ವಾಸ್ತವವಾಗಿ ಅದರ ಕೈ. ನಿಮ್ಮ ಅಂಗೈಯನ್ನು ಅಗಲಿಸಿ ನೋಡಿರಿ. ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳುಗಳು ದೇಹದಷ್ಟೇ ಉದ್ದಕ್ಕೆ ಬೆಳೆದು, ಅವುಗಳ ನಡುವೆ ಕೊಡೆಯ ಕಡ್ಡಿಗಳಿಗೆ ಬಟ್ಟೆ ಬಿಗಿದಂತೆ ತೆಳುವಾದ ತೊಗಲು ಹರಡಿದೆಯೆಂದು ಊಹಿಸಿಕೊಳ್ಳಿರಿ. ಅದೇ ಬಾವಲಿಯ ರೆಕ್ಕೆ. ಹೆಬ್ಬೆರಳು ಮಾತ್ರ ಕೊಕ್ಕೆಯಂತೆ ಹೊರಗೆ ಉಳಿದಿರುತ್ತದೆ. ಪ್ರಾಣಿಶಾಸ್ತ್ರಜ್ಞರು ಈ ವರ್ಗಕ್ಕೆ ಇಟ್ಟಿರುವ ಕೈರಾಪ್ಟೆರ ಎಂಬ ಗ್ರೀಕ್ ಮೂಲದ ಹೆಸರಿಗೆ "ಕೈಯೇ ರೆಕ್ಕೆಯಾದದ್ದು" ಎಂದೇ ಅರ್ಥ. ಅಮರಕೋಶದಲ್ಲಿ ಬಾವಲಿಗೆ "ಅಜಿನಪತ್ರಾ", ಅಂದರೆ ತೊಗಲಿನ ರೆಕ್ಕೆಯುಳ್ಳದ್ದು, ಎಂಬ ಹೆಸರುಂಟು. ನಮ್ಮ "ತೊಗಲಬಾವಲಿ"ಯೂ ಅದೇ ಮಾತನ್ನು ಹೇಳುತ್ತದೆ. ಹೆಸರಿಟ್ಟ ಹಿರಿಯರು ಚೆನ್ನಾಗಿಯೇ ನೋಡಿದ್ದರೆನ್ನಬೇಕು.

ಜಗತ್ತಿನಲ್ಲಿ ಈವರೆಗೆ ಗುರುತಿಸಿರುವ ಬಾವಲಿಯ ಜಾತಿಗಳು 1,400ಕ್ಕೂ ಹೆಚ್ಚು. ಸಸ್ತನಿಗಳ ಜಾತಿಗಳಲ್ಲಿ ಸುಮಾರು ಐದರಲ್ಲೊಂದು ಬಾವಲಿ ಎಂದಾಯಿತು. ಥಾಯ್ಲೆಂಡಿನ ಒಂದು ಜಾತಿಯ ಬಾವಲಿ ಕೇವಲ 2 ಗ್ರಾಂ ತೂಗುತ್ತದೆ. ನಮ್ಮ ತೊಗಲಬಾವಲಿ ಒಂದು ಕಿಲೋಗ್ರಾಂ ಮೀರುವುದುಂಟು. ಅದರ ರೆಕ್ಕೆಗಳ ಹರವು 1.2 ಮೀಟರಿಗೂ ಹೆಚ್ಚು.

ತಿಂದ ಬಾಯಿಂದಲೇ ವಿಸರ್ಜಿಸುವುದೇ?

ಇದು ನಮ್ಮ ನಾಡಿನಲ್ಲಿ ಬಹಳ ಹಳೆಯ ನಂಬಿಕೆ. ಬಾವಲಿಗೆ ಗುದದ್ವಾರವೇ ಇಲ್ಲ, ಅದು ಯಾವುದೋ ಶಾಪದಿಂದ ಬಾಯಿಂದಲೇ ಮಲವನ್ನು ಹೊರಹಾಕುತ್ತದೆ ಎಂದು ಬಾಲ್ಯದಲ್ಲಿ ನಾನೂ ಕೇಳಿದ್ದೆ. ಇದು ಸುಳ್ಳು. ಆದರೆ ಈ ಸುಳ್ಳಿನ ಬುಡದಲ್ಲಿ ಒಂದು ನಿಜವಾದ ಅವಲೋಕನವಿದೆ.

ಹಣ್ಣು ತಿನ್ನುವ ಬಾವಲಿ ತಿರುಳನ್ನು ಹಲ್ಲಿನಿಂದ ಜಗಿದು, ನಾಲಗೆಯಿಂದ ಅಂಗುಳಕ್ಕೆ ಒತ್ತಿ ರಸವನ್ನು ಮಾತ್ರ ನುಂಗುತ್ತದೆ. ಉಳಿದ ನಾರು, ಸಿಪ್ಪೆ, ದೊಡ್ಡ ಬೀಜಗಳನ್ನು ಉಂಡೆಮಾಡಿ ಉಗಿಯುತ್ತದೆ. ಕಬ್ಬನ್ನು ಅಗಿದು ಜಲ್ಲೆಯನ್ನು ಉಗಿಯುವ ನಾವು ಮಾಡುವುದೂ ಇದನ್ನೇ. ಬೆಳಗ್ಗೆ ಮರದ ಕೆಳಗೆ ಬಿದ್ದಿರುವ ಈ ಉಂಡೆಗಳನ್ನು ನೋಡಿದವರು, ಅವು ಬಾಯಿಂದ ಬಿದ್ದದ್ದನ್ನು ಕಂಡವರು, ಅದನ್ನೇ ಮಲವೆಂದು ತಿಳಿದರು. ನಿಜವಾದ ವಿಸರ್ಜನೆಯ ಕಾಲದಲ್ಲಿ ಬಾವಲಿ ಮಾಡುವುದೇ ಬೇರೆ. ಅದು ಕಾಲನ್ನು ಸಡಿಲಿಸಿ, ಎರಡು ಹೆಬ್ಬೆರಳುಗಳ ಕೊಕ್ಕೆಯಿಂದ ಕೊಂಬೆಯನ್ನು ಹಿಡಿದು, ತಲೆ ಮೇಲಾಗಿ ತಿರುಗಿಕೊಳ್ಳುತ್ತದೆ. ಕೆಲಸ ಮುಗಿದೊಡನೆ ಮತ್ತೆ ತಲೆಕೆಳಗಾಗುತ್ತದೆ. ಕೆಲವು ಕ್ಷಣಗಳಲ್ಲಿ ಮುಗಿದುಹೋಗುವ ಈ ಕ್ರಿಯೆಯನ್ನು ಕತ್ತಲೆಯಲ್ಲಿ ಯಾರು ನೋಡಬೇಕು? ಅವಲೋಕನ ಅರ್ಧಕ್ಕೆ ನಿಂತರೆ ಮಿಕ್ಕರ್ಧವನ್ನು ಕಥೆ ತುಂಬಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ತಲೆಕೆಳಗಾಗಿ ನೇತಾಡುವುದೇಕೆ?

ನೆಲದಿಂದ ಮೇಲೇಳಲು ಹಕ್ಕಿ ಕಾಲಿನಿಂದ ನೆಗೆಯುತ್ತದೆ. ಬಾವಲಿಯ ಹಿಂಗಾಲುಗಳು ಬಹಳ ದುರ್ಬಲ. ಹಾರಲು ಮೈ ಹಗುರವಾಗಬೇಕಾದುದರಿಂದ ಕಾಲುಗಳು ಸೊರಗಿವೆ. ಆದುದರಿಂದ ಅದು ಗುರುತ್ವಾಕರ್ಷಣೆಯನ್ನೇ ಸಹಾಯಕ್ಕೆ ಕರೆಯುತ್ತದೆ. ಎತ್ತರದಲ್ಲಿ ನೇತಾಡುತ್ತಿರುವ ಬಾವಲಿ ಹಿಡಿತ ಬಿಟ್ಟು 1 ಮೀಟರ್ ಬಿದ್ದರೆ ಅದರ ವೇಗ ಎಷ್ಟಾಗುತ್ತದೆ? ವೇಗದ ವರ್ಗವು 2 × 9.8 × 1 ಆದುದರಿಂದ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಅರ್ಧ ಸೆಕೆಂಡಿಗೂ ಕಡಿಮೆ ಕಾಲದಲ್ಲಿ, ಶ್ರಮವಿಲ್ಲದೆ, ಹಾರಾಟಕ್ಕೆ ಬೇಕಾದ ವೇಗ ದೊರೆಯಿತು.

ನೇತಾಡುವುದಕ್ಕೂ ಅದಕ್ಕೆ ಶ್ರಮವಿಲ್ಲ. ಕಾಲ್ಬೆರಳುಗಳ ಸ್ನಾಯುರಜ್ಜುಗಳಲ್ಲಿ ಒಂದು ಬಗೆಯ ಅಗುಳಿಯ ಏರ್ಪಾಡಿದೆ. ಮೈಯ ಭಾರ ಕೆಳಕ್ಕೆ ಎಳೆದಂತೆಲ್ಲ ಉಗುರುಗಳು ತಾವಾಗಿಯೇ ಬಿಗಿಯುತ್ತವೆ. ಹಿಡಿದುಕೊಳ್ಳಲು ಪ್ರಯತ್ನ ಬೇಡ, ಬಿಡಲು ಪ್ರಯತ್ನ ಬೇಕು. ಸತ್ತ ಬಾವಲಿ ಎಷ್ಟೋ ದಿನ ತೂಗಾಡುತ್ತಲೇ ಇರುವುದು ಇದರಿಂದಲೇ.

ರಕ್ತವು ತಲೆಗೆ ನುಗ್ಗುವುದಿಲ್ಲವೇ ಎಂದು ಕೇಳುವವರುಂಟು. ದ್ರವದ ಒತ್ತಡವು ಅದರ ಸ್ತಂಭದ ಎತ್ತರವನ್ನು ಅವಲಂಬಿಸುತ್ತದೆಯಷ್ಟೆ. ಮನುಷ್ಯನ ಹೃದಯಕ್ಕೂ ತಲೆಗೂ ಸುಮಾರು 35 ಸೆಂಟಿಮೀಟರ್ ಅಂತರವೆಂದಿಟ್ಟುಕೊಂಡರೆ, ತಲೆಕೆಳಗಾದಾಗ ಆ ರಕ್ತಸ್ತಂಭದ ಒತ್ತಡ ಸುಮಾರು 27 ಮಿಲಿಮೀಟರ್ ಪಾದರಸಕ್ಕೆ ಸಮ. ಸಣ್ಣ ಬಾವಲಿಯಲ್ಲಿ ಆ ಅಂತರ 3 ಸೆಂಟಿಮೀಟರ್ ಎಂದುಕೊಂಡರೆ ಒತ್ತಡ 2 ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ನಮ್ಮನ್ನು ಕಂಗೆಡಿಸುವ ತೊಂದರೆ ಅದಕ್ಕೆ ಲೆಕ್ಕಕ್ಕೇ ಬಾರದು.

ಬಾವಲಿ ಕುರುಡೇ?

ಯಾವ ಬಾವಲಿಯೂ ಕುರುಡಲ್ಲ. ಹಣ್ಣು ತಿನ್ನುವ ತೊಗಲಬಾವಲಿಯ ಕಣ್ಣುಗಳು ದೊಡ್ಡವು. ನಸುಬೆಳಕಿನಲ್ಲಿ ಅವು ನಮ್ಮ ಕಣ್ಣುಗಳಿಗಿಂತ ಚೆನ್ನಾಗಿ ಕಾಣುತ್ತವೆ. ಅದು ದಾರಿ ಹುಡುಕುವುದು ಕಣ್ಣಿನಿಂದ, ಹಣ್ಣು ಹುಡುಕುವುದು ಮೂಗಿನಿಂದ. ಕೀಟ ತಿನ್ನುವ ಸಣ್ಣ ಬಾವಲಿಗಳ ಕಣ್ಣುಗಳು ಚಿಕ್ಕವಾದರೂ ಕಾಣುತ್ತವೆ. ಆದರೆ ಗಾಢಾಂಧಕಾರದಲ್ಲಿ ಹಾರುವ ಸೊಳ್ಳೆಯನ್ನು ಹಿಡಿಯಲು ಕಣ್ಣು ಸಾಲದು. ಹಾಗಾದರೆ ಯಾವುದು? ಈ ಪ್ರಶ್ನೆಯ ಉತ್ತರಕ್ಕೆ ವಿಜ್ಞಾನವು ಸುಮಾರು ಒಂದೂವರೆ ಶತಮಾನ ಕಾಯಬೇಕಾಯಿತು.

1793ರಲ್ಲಿ ಇಟಲಿಯ ಸ್ಪಲಾಂಜಾನಿ ಎಂಬ ವಿಜ್ಞಾನಿ ಒಂದು ವಿಚಿತ್ರವನ್ನು ಕಂಡರು. ಕೋಣೆಯ ಮೇಣದಬತ್ತಿ ಆರಿದರೆ ಗೂಬೆ ದಿಕ್ಕುತಪ್ಪಿ ಗೋಡೆಗೆ ಬಡಿಯುತ್ತಿತ್ತು. ಬಾವಲಿ ಮಾತ್ರ ನಿರಾತಂಕವಾಗಿ ಹಾರುತ್ತಿತ್ತು. ದೃಷ್ಟಿಯನ್ನು ಕಳೆದ ಬಾವಲಿಗಳೂ ತಂತಿ, ದಾರಗಳ ನಡುವೆ ತಗುಲದೆ ಹಾರಿದವು. ಹೊರಗೆ ಬಿಟ್ಟ ಅಂಥ ಬಾವಲಿಗಳನ್ನು ಮತ್ತೆ ಹಿಡಿದು ನೋಡಿದಾಗ, ಮಿಕ್ಕವುಗಳಂತೆಯೇ ಅವುಗಳ ಹೊಟ್ಟೆಯೂ ಕೀಟಗಳಿಂದ ತುಂಬಿತ್ತು. ಜಿನೀವಾದ ಜ್ಯೂರಿನ್ ಎಂಬವರು ಬಾವಲಿಗಳ ಕಿವಿಯನ್ನು ಮುಚ್ಚಿ ನೋಡಿದರು. ಅವು ಕಂಡಕಂಡದ್ದಕ್ಕೆ ಡಿಕ್ಕಿಹೊಡೆದವು. ಬಾವಲಿ ಕಿವಿಯಿಂದ "ನೋಡುತ್ತದೆ" ಎಂಬುದು ಸ್ಪಷ್ಟವಾಯಿತು. ಆದರೆ ಹಾರುವ ಬಾವಲಿ ಯಾವ ಸದ್ದನ್ನೂ ಮಾಡುವಂತೆ ಮನುಷ್ಯರಿಗೆ ಕೇಳುತ್ತಿರಲಿಲ್ಲ. ಸದ್ದಿಲ್ಲದಿದ್ದರೆ ಕೇಳುವುದಾದರೂ ಏನನ್ನು? ಪ್ರಖ್ಯಾತ ಪ್ರಾಣಿಶಾಸ್ತ್ರಜ್ಞ ಕ್ಯೂವಿಯೇ, ಇದೆಲ್ಲ ರೆಕ್ಕೆಯ ಸ್ಪರ್ಶಜ್ಞಾನವಿರಬೇಕೆಂದು ಅಭಿಪ್ರಾಯಪಟ್ಟರು. ಅವರ ಕೀರ್ತಿ ದೊಡ್ಡದು. ಪ್ರಯೋಗ ಮಾಡಿದವರ ಮಾತು ಹಿಂದೆ ಸರಿಯಿತು.

1912ರಲ್ಲಿ ಟೈಟಾನಿಕ್ ಹಡಗು ನೀರ್ಗಲ್ಲ ಗುಡ್ಡಕ್ಕೆ ಬಡಿದು ಮುಳುಗಿದ ಮೇಲೆ, ಹೈರಾಮ್ ಮ್ಯಾಕ್ಸಿಮ್ ಎಂಬ ಯಂತ್ರಶಿಲ್ಪಿ ಬಾವಲಿಯ ಮಾದರಿಯಲ್ಲಿ ಹಡಗುಗಳೂ ಮರುದನಿಯಿಂದ ಅಪಾಯವನ್ನು ಅರಿಯಬಹುದೆಂದು ಸೂಚಿಸಿದರು. ಬಾವಲಿಯ ಸದ್ದು ನಮ್ಮ ಕಿವಿಗೆ ಎಟುಕದಷ್ಟು ಮಂದ್ರವೆಂದು ಅವರು ಭಾವಿಸಿದ್ದರು. ಅದು ಮಂದ್ರವಲ್ಲ, ನಮ್ಮ ಕಿವಿಯನ್ನು ಮೀರಿದ ತಾರಸ್ವರವಿರಬೇಕೆಂದು 1920ರಲ್ಲಿ ಇಂಗ್ಲೆಂಡಿನ ಹಾರ್ಟ್‌ರಿಜ್ ಸರಿಯಾಗಿ ಊಹಿಸಿದರು. ಊಹೆಯನ್ನು ಪರೀಕ್ಷಿಸಲು ಯಂತ್ರ ಬೇಕಿತ್ತು. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್, ಭೌತಶಾಸ್ತ್ರದ ಪ್ರಾಧ್ಯಾಪಕ ಪಿಯರ್ಸ್ ಅವರ ಬಳಿ ಶ್ರವಣಾತೀತ ಧ್ವನಿಯನ್ನು ಗುರುತಿಸುವ ಉಪಕರಣವಿದೆಯೆಂದು ಕೇಳಿ, ಪಂಜರದಲ್ಲಿ ಬಾವಲಿಗಳನ್ನು ಹೊತ್ತುಕೊಂಡು ಹೋದರು. ಉಪಕರಣದ ಮುಂದೆ ಹಿಡಿದೊಡನೆ "ಮೂಕ" ಬಾವಲಿಗಳು ಕೂಗಿಕೊಳ್ಳುತ್ತಿದ್ದುದು ಬಯಲಾಯಿತು. ಬಳಿಕ ಗ್ರಿಫಿನ್ ಹಾಗೂ ಗ್ಯಾಲಂಬಸ್ ಸೇರಿ, ಬಾಯಿ ಕಟ್ಟಿದರೂ ಕಿವಿ ಮುಚ್ಚಿದರೂ ಬಾವಲಿ ದಾರಿ ತಪ್ಪುತ್ತದೆಂದು ತೋರಿಸಿದರು. 1944ರಲ್ಲಿ ಗ್ರಿಫಿನ್ ಈ ಶಕ್ತಿಗೆ "ಪ್ರತಿಧ್ವನಿಯಿಂದ ಸ್ಥಾನನಿರ್ಣಯ" ಎಂಬರ್ಥದ ಹೆಸರಿಟ್ಟರು.

ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಮಗೆ ಕೇಳಿಸದ್ದು ಇಲ್ಲವೇ ಇಲ್ಲ ಎಂಬ ಒಂದು ಭಾವನೆ, ಸರಿಯಾದ ಪ್ರಯೋಗವನ್ನು ಇಷ್ಟು ಕಾಲ ಮೂಲೆಗೆ ತಳ್ಳಿತ್ತು.

ಮರುದನಿಯ ಲೆಕ್ಕ

ದುರ್ಗದ ಬಂಡೆಗೆ ಎದುರಾಗಿ 85 ಮೀಟರ್ ದೂರದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿರಿ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹೋಗಿ ಬರುವ ದಾರಿ 170 ಮೀಟರ್. ಅರ್ಧ ಸೆಕೆಂಡಿನಲ್ಲಿ ಮರುದನಿ ಬರುತ್ತದೆ. ಬಂಡೆಯ ದೂರವನ್ನು ಅಳತೆಪಟ್ಟಿಯಿಲ್ಲದೆ ನೀವು ಅಳೆದಂತಾಯಿತು. ಬಾವಲಿಯೂ ಇದನ್ನೇ ಮಾಡುತ್ತದೆ. ಅದರ ಬಂಡೆ ಒಂದು ಪತಂಗ, ದೂರ 1.7 ಮೀಟರ್ ಎಂದುಕೊಳ್ಳೋಣ. ಮರುದನಿ ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಮರಳುತ್ತದೆ. ಪತಂಗ 17 ಸೆಂಟಿಮೀಟರ್ ದೂರದಲ್ಲಿದ್ದರೆ ಸಾವಿರದಲ್ಲೊಂದು ಭಾಗ ಸಾಕು. ಈ ಕಾಲಾಂತರವನ್ನು ಬಾವಲಿಯ ಮೆದುಳು ದೂರವಾಗಿ ಓದಿಕೊಳ್ಳುತ್ತದೆ.

ಇದಕ್ಕೆ ಶ್ರವಣಾತೀತ ಧ್ವನಿಯೇ ಏಕೆ ಬೇಕು? ಅಲೆಯೊಂದು ತನ್ನ ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ವಸ್ತುವಿನಿಂದ ಚೆನ್ನಾಗಿ ಪ್ರತಿಫಲಿಸುವುದಿಲ್ಲ. ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಕೆರೆಯ ದೊಡ್ಡ ಅಲೆ ಒಂದು ಜೊಂಡಿನ ಕಡ್ಡಿಯನ್ನು ಲೆಕ್ಕಿಸುವುದುಂಟೆ? ಸೆಕೆಂಡಿಗೆ 340 ಕಂಪನಗಳ ಧ್ವನಿಯ ತರಂಗಾಂತರ 1 ಮೀಟರ್. ಅದಕ್ಕೆ ಸೊಳ್ಳೆ ಇದ್ದರೂ ಇಲ್ಲದಿದ್ದರೂ ಒಂದೇ. 50,000 ಕಂಪನಗಳ ಧ್ವನಿಯ ತರಂಗಾಂತರ 6.8 ಮಿಲಿಮೀಟರ್, 1,00,000 ಕಂಪನಗಳದ್ದು 3.4 ಮಿಲಿಮೀಟರ್. ಸಣ್ಣ ಕೀಟವೂ ಇದನ್ನು ಹಿಂದಕ್ಕೆ ಎಸೆಯಬಲ್ಲದು. ನಮ್ಮ ಕಿವಿಯ ಮಿತಿ 20,000. ಬಹುಪಾಲು ಬಾವಲಿಗಳ ಕೂಗು ಅದರಿಂದ ಆಚೆಗಿದೆ.

ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಇದೆ. ತಾರಸ್ವರವನ್ನು ಗಾಳಿ ಬೇಗ ಹೀರಿಕೊಳ್ಳುತ್ತದೆ. ಕೀಟದಿಂದ ಮರಳುವ ಮರುದನಿ ದೂರ ಹೆಚ್ಚಿದಂತೆ ಬಹಳ ಬೇಗ ಕ್ಷೀಣಿಸುತ್ತದೆ. ಆದುದರಿಂದ ಸಣ್ಣ ಕೀಟ ಬಾವಲಿಗೆ "ಕಾಣುವುದು" ಕೆಲವೇ ಮೀಟರ್ ದೂರದಿಂದ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಾರುವ ಬಾವಲಿಗೆ 1.7 ಮೀಟರಿನಲ್ಲಿ ಕಂಡ ಕೀಟವನ್ನು ಹಿಡಿಯಲು ಉಳಿದಿರುವ ಕಾಲ ಸೆಕೆಂಡಿನ ಮೂರರಲ್ಲೊಂದು ಭಾಗ ಮಾತ್ರ. ಅಷ್ಟರಲ್ಲಿ ಕೀಟವೂ ಸ್ಥಳ ಬದಲಿಸುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ ಸೆಕೆಂಡಿಗೆ ಹತ್ತರಷ್ಟು ಕೂಗುವ ಬಾವಲಿ, ಕೀಟವನ್ನು ಸಮೀಪಿಸಿದಂತೆ ಕೂಗನ್ನು ತ್ವರೆಗೊಳಿಸಿ, ಕಡೆಯ ಗಳಿಗೆಯಲ್ಲಿ ಸೆಕೆಂಡಿಗೆ 200ರವರೆಗೆ ಕೂಗುತ್ತದೆ. ಪ್ರತಿಯೊಂದು ಕೂಗೂ ಚಿಕ್ಕದಾಗುತ್ತ ಹೋಗುತ್ತದೆ. ಇಲ್ಲದಿದ್ದರೆ ಕೂಗು ಮುಗಿಯುವ ಮೊದಲೇ ಮರುದನಿ ಬಂದು ಅದರಲ್ಲಿ ಮುಳುಗಿಹೋಗುವುದು. ತನ್ನ ಕೂಗಿನಿಂದ ತನ್ನದೇ ಕಿವಿ ಕಿವುಡಾಗದಂತೆ, ಕೂಗುವ ಕ್ಷಣದಲ್ಲಿ ಕಿವಿಯೊಳಗಿನ ಒಂದು ಸ್ನಾಯು ಬಿಗಿದು ಶಬ್ದವನ್ನು ತಗ್ಗಿಸುತ್ತದೆ; ಮರುದನಿಯ ವೇಳೆಗೆ ಸಡಿಲುತ್ತದೆ.

ಪಶ್ಚಿಮ ಘಟ್ಟದಲ್ಲಿ ಮೂಗಿನ ಮೇಲೆ ಕುದುರೆ ಲಾಳದಂಥ ತೊಗಲಿರುವ ಬಾವಲಿಗಳಿವೆ. ಇವು ಮೂಗಿನಿಂದ ಕೂಗುತ್ತವೆ. ಅವುಗಳಲ್ಲಿ ಒಂದು ಜಾತಿಯ ಕೂಗು ಸುಮಾರು 80,000 ಕಂಪನಗಳ ಒಂದೇ ಸ್ವರ. ಇಂಥ ಬಾವಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಮರದ ಕಡೆಗೆ ಹಾರಿದರೆ, ಡಾಪ್ಲರ್ ಪರಿಣಾಮದಿಂದ ಮರುದನಿಯ ಆವೃತ್ತಿ 80,000 × 345 ÷ 335, ಅಂದರೆ ಸುಮಾರು 82,400 ಆಗುತ್ತದೆ. ಅದರ ಕಿವಿಯಾದರೋ ಒಂದು ನಿರ್ದಿಷ್ಟ ಆವೃತ್ತಿಗೆ ಮಾತ್ರ ಅತಿ ಸೂಕ್ಷ್ಮವಾಗಿ ಶ್ರುತಿಗೊಂಡಿದೆ. ಆಗ ಬಾವಲಿ ಮಾಡುವುದೇನು? ಮರುದನಿ ಆ ಶ್ರುತಿಗೆ ಸರಿಯಾಗಿ ಬರುವಂತೆ ತನ್ನ ಕೂಗನ್ನೇ ಅಷ್ಟು ತಗ್ಗಿಸಿಕೊಳ್ಳುತ್ತದೆ. 1968ರಲ್ಲಿ ಜರ್ಮನಿಯ ಶ್ನಿಟ್ಸ್‌ಲರ್ ಇದನ್ನು ಮೊದಲು ತೋರಿಸಿಕೊಟ್ಟರು. ನಾವು ಕಾಲೇಜಿನಲ್ಲಿ ಸೂತ್ರ ಬರೆದು ಬಿಡಿಸುವ ಲೆಕ್ಕವನ್ನು ಈ ಪ್ರಾಣಿ ಹಾರುತ್ತಲೇ ಬಿಡಿಸುತ್ತದೆ!

ಕೀಟಗಳೂ ಸುಮ್ಮನಿಲ್ಲ. ಹಲವು ಪತಂಗಗಳಿಗೆ ಬಾವಲಿಯ ಕೂಗನ್ನು ಕೇಳಬಲ್ಲ ಕಿವಿಗಳಿವೆ. ಕೂಗು ಕೇಳಿದೊಡನೆ ಅವು ರೆಕ್ಕೆ ಮಡಚಿ ಕೆಳಕ್ಕೆ ಬೀಳುತ್ತವೆ. ಕೆಲವು ಪತಂಗಗಳು ತಾವೇ ಶ್ರವಣಾತೀತ ಸದ್ದು ಮಾಡಿ ಬಾವಲಿಯನ್ನು ಬೆದರಿಸುತ್ತವೆ.

ಕೂದಲಿಗೆ ಸಿಕ್ಕಿಕೊಳ್ಳುವುದೇ? ರಕ್ತ ಹೀರುವುದೇ?

ಕೂದಲೆಳೆಯಷ್ಟು ತೆಳುವಾದ ತಂತಿಯನ್ನೂ ಕತ್ತಲೆಯಲ್ಲಿ ತಪ್ಪಿಸಿಕೊಂಡು ಹಾರುವ ಪ್ರಾಣಿಗೆ ಮನುಷ್ಯನ ತಲೆ ಕಾಣದೆ? ಸಂಜೆಯ ಹೊತ್ತು ಸೊಳ್ಳೆಗಳು ನಮ್ಮ ತಲೆಯ ಸುತ್ತ ಗುಂಯ್‌ಗುಡುತ್ತವೆ. ಅವುಗಳನ್ನು ಹಿಡಿಯಲು ಬಾವಲಿ ತಲೆಯ ಸಮೀಪಕ್ಕೆ ಎರಗುತ್ತದೆ. ಬಂದದ್ದು ನಮಗಾಗಿ ಅಲ್ಲ, ಸೊಳ್ಳೆಗಾಗಿ.

ರಕ್ತ ಕುಡಿಯುವ ಬಾವಲಿಗಳು ಇಲ್ಲದೆ ಇಲ್ಲ. ಆದರೆ 1,400ಕ್ಕೂ ಹೆಚ್ಚು ಜಾತಿಗಳಲ್ಲಿ ಅಂಥವು ಮೂರೇ ಮೂರು. ಮೂರೂ ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಪ್ರದೇಶದಲ್ಲಿವೆ. ಅವು ಹೀರುವುದಿಲ್ಲ, ಸಣ್ಣ ಗಾಯ ಮಾಡಿ ನೆಕ್ಕುತ್ತವೆ. ಭಾರತದಲ್ಲಿ ಅವು ಒಂದೂ ಇಲ್ಲ. ನಮ್ಮ ಪಾಳುಗುಡಿಗಳಲ್ಲಿ ವಾಸಿಸುವ, ಉದ್ದ ಕಿವಿಗಳ ಒಂದು ಬಾವಲಿಯನ್ನು ಹಿಂದಿನ ವಿದ್ವಾಂಸರು ತಪ್ಪಾಗಿ ರಕ್ತಪಿಪಾಸುಗಳ ಸಾಲಿಗೆ ಸೇರಿಸಿದ್ದರು. ಅದು ಹಿಡಿಯುವುದು ದೊಡ್ಡ ಕೀಟ, ಕಪ್ಪೆ, ಇಲಿಗಳನ್ನು. ಒಣಗಿದ ಎಲೆಯ ಮೇಲೆ ಇಲಿ ನಡೆದ ಸದ್ದೇ ಅದಕ್ಕೆ ಸಾಕು.

ಕಾಫಿ ತೋಟಕ್ಕೆ ಶತ್ರುವೇ?

ಕೊಯ್ಲಿನ ಕಾಲದಲ್ಲಿ ನೆರಳಿನ ಮರಗಳ ಕೆಳಗೆ ಸಿಪ್ಪೆ ಕಳೆದ ಕಾಫಿ ಬೀಜಗಳು ಚದುರಿರುವುದನ್ನು ತೋಟದವರು ನೋಡಿಯೇ ಇರುತ್ತಾರೆ. ಹಣ್ಣುಬಾವಲಿಗಳು ಕೆಂಪಗೆ ಹಣ್ಣಾದ ಕಾಫಿಯನ್ನು ಕಚ್ಚಿಕೊಂಡು ಹೋಗಿ, ಸಿಹಿಯಾದ ತಿರುಳನ್ನು ಚೀಪಿ ಬೀಜವನ್ನು ಉದುರಿಸುತ್ತವೆ. ಬೀಜ ಹಾಳಾಗುವುದಿಲ್ಲ, ಆಯ್ದುಕೊಳ್ಳುವವರುಂಟು. ಸಪೋಟ, ಸೀಬೆ, ಬಾಳೆ ಬೆಳೆದವರಿಗೆ ನಷ್ಟ ನಿಜವಾದದ್ದು, ಅದನ್ನು ಅಲ್ಲಗಳೆಯಬಾರದು. ಹಣ್ಣಿನ ಗೊನೆಗೆ ಚೀಲ ಕಟ್ಟುವುದು, ಮರಕ್ಕೆ ಬಲೆ ಹೊದಿಸುವುದು ಇದಕ್ಕೆ ಪರಿಹಾರ.

ಲೆಕ್ಕದ ಇನ್ನೊಂದು ಪಕ್ಕವನ್ನೂ ನೋಡಬೇಕು. ಕೀಟಾಹಾರಿ ಬಾವಲಿ ಒಂದು ರಾತ್ರಿಯಲ್ಲಿ ತನ್ನ ತೂಕದ ಮೂರರಲ್ಲೊಂದು ಭಾಗದಿಂದ ಅರ್ಧದವರೆಗೆ ಕೀಟಗಳನ್ನು ತಿನ್ನಬಲ್ಲದು. ಮೆಕ್ಸಿಕೋದ ಚಿಯಾಪಾಸ್ ಪ್ರಾಂತದ ನೆರಳಿನ ಕಾಫಿ ತೋಟವೊಂದರಲ್ಲಿ, ರಾತ್ರಿ ಮಾತ್ರ ಕೆಲವು ಗಿಡಗಳಿಗೆ ಬಲೆ ಮುಚ್ಚಿ ಬಾವಲಿಗಳನ್ನು ದೂರವಿಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಮಳೆಗಾಲದಲ್ಲಿ ಅಂಥ ಗಿಡಗಳ ಮೇಲೆ ಕೀಟಗಳ ಸಂಖ್ಯೆ ಗಣನೀಯವಾಗಿ ಏರಿತ್ತು. ಹಣ್ಣುಬಾವಲಿಗಳಾದರೋ ಅತ್ತಿ, ಬಸರಿ, ಗೋಣಿ ಮುಂತಾದ ಮರಗಳ ಸಣ್ಣ ಬೀಜಗಳನ್ನು ನುಂಗಿ, ಅರ್ಧ ಗಂಟೆಯ ಸುಮಾರಿನಲ್ಲಿ ಬೇರೆಡೆ ಹಾರುತ್ತಲೇ ವಿಸರ್ಜಿಸುತ್ತವೆ. ನಮ್ಮ ಕಾಫಿಗೆ ನೆರಳು ಕೊಡುವ ಎಷ್ಟೋ ಮರಗಳನ್ನು ನೆಟ್ಟವರು ಯಾರೆಂದು ಕೇಳಿದರೆ, ಒಂದು ಉತ್ತರ ಬಾವಲಿ. ತಮಿಳುನಾಡಿನ ವಾಲ್ಪಾರೈ ಬೆಟ್ಟಗಳಲ್ಲಿ ನಡೆದ ಅಧ್ಯಯನದಲ್ಲಿ, ನೆರಳಿನ ಕಾಫಿ ತೋಟದ ಬಾವಲಿಗಳು ಕಾಡಿನವನ್ನು ಹೋಲುತ್ತವೆಂದೂ, ಮರವಿಲ್ಲದ ಚಹಾ ತೋಟದಲ್ಲಿ ಅವು ಬಹಳ ಕಡಿಮೆಯೆಂದೂ ಕಂಡುಬಂದಿದೆ.

ರೋಗದ ಭಯ

ಇನ್ನು ದೊಡ್ಡಪ್ಪನವರ ಜಗಲಿಯ ಮುಖ್ಯ ಪ್ರಶ್ನೆ. ಇಲ್ಲಿ ಭಯವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ನಿಪಾ ವೈರಸ್ಸಿನ ಸಹಜ ಆಶ್ರಯ ತೊಗಲಬಾವಲಿಯೇ. 1998–99ರಲ್ಲಿ ಮಲೇಷ್ಯಾದಲ್ಲಿ ಅದು ಹಂದಿಗಳ ಮೂಲಕ ಮನುಷ್ಯರಿಗೆ ಬಂತು; ಬಾಂಗ್ಲಾದೇಶದಲ್ಲಿ ಬಾವಲಿ ನೆಕ್ಕಿದ ಹಸಿ ಖರ್ಜೂರದ ರಸದಿಂದ ಬಂತು. 2018ರಲ್ಲಿ ಕೇರಳದಲ್ಲಿ 17 ಮಂದಿ ಮೃತಪಟ್ಟರು. ಅಲ್ಲಿ ಬಹುಪಾಲು ಜನರಿಗೆ ಸೋಂಕು ತಗುಲಿದ್ದು ರೋಗಿಗಳಿಂದ, ಆಸ್ಪತ್ರೆಗಳಲ್ಲಿ.

ಆದರೆ ಮರದ ಮೇಲಿನ ಬಾವಲಿ ಕೇವಲ ಅಲ್ಲಿರುವುದರಿಂದ ರೋಗ ಹರಡುವುದಿಲ್ಲ. ಅದರ ಜೊಲ್ಲು, ಮೂತ್ರ ನಮ್ಮ ಆಹಾರವನ್ನು ಸೇರಬೇಕು, ಇಲ್ಲವೇ ನಾವು ಅದನ್ನು ಮುಟ್ಟಿ ಹಿಡಿಯಬೇಕು. ಆದುದರಿಂದ ಪಾಲಿಸಬೇಕಾದ ನಿಯಮಗಳು ಸರಳ: ಕಚ್ಚಿದ ಹಣ್ಣನ್ನು ತಿನ್ನಬಾರದು, ಬಿದ್ದ ಹಣ್ಣನ್ನು ದನಕ್ಕೂ ಹಂದಿಗೂ ಹಾಕಬಾರದು, ಬಾವಿಗೆ ಮುಚ್ಚಳವಿರಬೇಕು, ತೆರೆದ ಗಡಿಗೆಯ ಹಸಿ ರಸವನ್ನು ಕುಡಿಯಬಾರದು, ಸತ್ತ ಅಥವಾ ಗಾಯಗೊಂಡ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಉಬ್ಬಸಕ್ಕೂ ಕೀಲುನೋವಿಗೂ ಔಷಧವೆಂದು ಬಾವಲಿಯನ್ನು ಕೊಂದು ಮಾಂಸ, ಕೊಬ್ಬನ್ನು ಬಳಸುವವರುಂಟು. ಅದರಿಂದ ರೋಗ ಹೋಗುವುದಿಲ್ಲ, ಬರುವ ಸಂಭವವುಂಟು. ಬಾವಲಿ ಕಚ್ಚಿದರೆ ಗಾಯವನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಓಡಿಸಿದರೆ, ಕೊಂದರೆ ಏನಾಗುತ್ತದೆ? ಇದಕ್ಕೆ ಉಗಾಂಡದ ಕಿಟಾಕ ಗಣಿ ಉತ್ತರ ಹೇಳುತ್ತದೆ. 2007ರಲ್ಲಿ ಅಲ್ಲಿನ ಕಾರ್ಮಿಕರಿಗೆ ಮಾರ್ಬರ್ಗ್ ಎಂಬ ಮಾರಕ ಜ್ವರ ಬಂದಾಗ ಗಣಿಯ ಬಾವಲಿಗಳನ್ನೆಲ್ಲ ನಾಶಮಾಡಿದರು. ಕೆಲವು ವರ್ಷಗಳಲ್ಲಿ ಹೊಸ ಬಾವಲಿಗಳು ಬಂದು ಸೇರಿದವು. 2012ರಲ್ಲಿ ಸಮೀಪದಲ್ಲಿಯೇ ರೋಗ ಮತ್ತೆ ತಲೆಯೆತ್ತಿದಾಗ ಪರೀಕ್ಷಿಸಿ ನೋಡಿದರೆ, ಹೊಸ ಬಾವಲಿಗಳಲ್ಲಿ ಸೋಂಕಿನ ಪ್ರಮಾಣ ಹಿಂದಿಗಿಂತ ಹೆಚ್ಚಾಗಿತ್ತು.

ಕಳೆದುಕೊಳ್ಳುವುದು ಸುಲಭ

ಬಾವಲಿಯ ಸಂತಾನ ಇಲಿಯದರಂತೆ ಬೆಳೆಯುವುದಿಲ್ಲ. ತೊಗಲಬಾವಲಿ ವರ್ಷಕ್ಕೆ ಹಾಕುವುದು ಒಂದೇ ಮರಿ. ಹಾಗಾಗಿ ಒಮ್ಮೆ ಕುಗ್ಗಿದ ಹಿಂಡು ಚೇತರಿಸಿಕೊಳ್ಳಲು ಬಹುಕಾಲ ಬೇಕು. ಬೆಳಗಾವಿ ಜಿಲ್ಲೆಯ ಭೀಮಗಡ ಕಾಡಿನ ಬಾರಾಪೇಡೆ ಗುಹೆಗಳಲ್ಲಿರುವ, 1913ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ರಾಟನ್ನನ ಬಾವಲಿಗೆ ಬಹುಕಾಲ ಜಗತ್ತಿನಲ್ಲಿ ಆ ಒಂದೇ ನೆಲೆ ತಿಳಿದಿತ್ತು. ಕೋಲಾರದ ಎಲೆಮೂಗಿನ ಬಾವಲಿಯ ಕಥೆ ಇನ್ನೂ ಶೋಚನೀಯ. 1994ರಲ್ಲಿ ಹೊಸ ಜಾತಿಯೆಂದು ವರ್ಣಿಸಲಾದ ಇದು ತೇರಹಳ್ಳಿಯ ಗುಹೆಯಿಂದ ಮಾಯವಾಗಿ, ಈಗ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಉಳಿದಿದೆ. ಹಿಂದಿನ ದಶಕದ ಎಣಿಕೆಯಲ್ಲಿ ಸಿಕ್ಕಿದ್ದು ಇನ್ನೂರಕ್ಕೂ ಕಡಿಮೆ. ಅಕ್ಕಪಕ್ಕದ ಕಲ್ಲುಗಣಿಗಾರಿಕೆಯೇ ಅದಕ್ಕೆ ದೊಡ್ಡ ಕಂಟಕವಾಗಿತ್ತು. ಒಂದು ಬಂಡೆ ಸಿಡಿದರೆ ಒಂದು ಜಾತಿಯೇ ಜಗತ್ತಿನಿಂದ ಅಳಿಯಬಹುದು.

ನಮ್ಮ ಕಾನೂನೂ ಬಹುಕಾಲ ಬಾವಲಿಯನ್ನು ಅಪನಂಬಿಕೆಯಿಂದಲೇ ನೋಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣುಬಾವಲಿಗಳು ಕಾಗೆ, ಇಲಿಗಳ ಜೊತೆಗೆ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿದ್ದವು. ಯಾರು ಬೇಕಾದರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿಯು ಆ ಪಟ್ಟಿಯನ್ನೇ ತೆಗೆದುಹಾಕಿತು. 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿದೆ.

ಗೋಣಿಮರ

ಎರಡು ದಿನಗಳ ಬಳಿಕ ನಾನು ಓದಿ ತಿಳಿದದ್ದನ್ನು ಜಗಲಿಯಲ್ಲಿ ಹೇಳಿದೆ. ಎಲ್ಲರೂ ಒಪ್ಪಿದರೆಂದು ಹೇಳಲಾರೆ. ದೊಡ್ಡಪ್ಪ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮರ ಇರಲಿ, ಬಾವಿಗೆ ಮುಚ್ಚಳ ಹಾಕಿಸೋಣ" ಎಂದರು. ಮರದಡಿಯ ಹಣ್ಣನ್ನು ಮಕ್ಕಳು ಆಯದಂತೆ ಬೇಲಿ ಕಟ್ಟಿಸಿದರು. ಮರ ಇಂದಿಗೂ ಇದೆ, ಬಾವಲಿಗಳೂ ಇವೆ.

ಕಳೆದ ಬಾರಿ ಊರಿಗೆ ಹೋದಾಗ, ರಸ್ತೆಯ ಪಕ್ಕದ ವಿದ್ಯುತ್ ತಂತಿಯಲ್ಲಿ ಒಂದು ತೊಗಲಬಾವಲಿ ಸತ್ತು ತೂಗುತ್ತಿತ್ತು. ಕಾಗೆ ಅದೇ ತಂತಿಯಲ್ಲಿ ಕುಳಿತರೂ ಸಾಯದು. ಅದು ಮುಟ್ಟುವುದು ಒಂದೇ ತಂತಿಯನ್ನು. ಬಾವಲಿಯ ರೆಕ್ಕೆಯ ಹರವು ದೊಡ್ಡದಾದುದರಿಂದ ಅದು ಎರಡು ತಂತಿಗಳನ್ನೂ ಒಮ್ಮೆಲೇ ಮುಟ್ಟುತ್ತದೆ. ವಿದ್ಯುತ್ ಹರಿಯಲು ದಾರಿಯಾಗುತ್ತದೆ. ಕಾಲಿನ ಅಗುಳಿ ಮಾತ್ರ ಸತ್ತ ಮೇಲೂ ಬಿಟ್ಟಿರಲಿಲ್ಲ. ಜೊತೆಗಿದ್ದ ಹುಡುಗರು ಅದನ್ನು ಅಪಶಕುನವೆಂದರು. ನಾನು ಅವರಿಗೆ ಎರಡು ತಂತಿಗಳ ಲೆಕ್ಕವನ್ನು ವಿವರಿಸಿದೆ. ಅವರು ತಲೆಯೆತ್ತಿ ನೋಡುತ್ತ ನಿಂತರು; ಕಲ್ಲೆಸೆಯಲು ಎತ್ತಿದ್ದ ಒಬ್ಬನ ಕೈ ಕೆಳಗಿಳಿಯಿತು.